ಶಿಖರ ಸಮಾಪ್ತಿ ಮೀಮಾಂಸೆ

1. ಅನುಬಂಧ ಚತುಷ್ಟಯ

ಯಾವ ಶಾಸ್ತ್ರವೇ ಆಗಲಿ, ಶುರುವಾಗುವ ಮುನ್ನ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡಬೇಕೆಂಬುದು ಹಿರಿಯರ ಕಟ್ಟಳೆ. ವಿಷಯವೇನು? ಪ್ರಯೋಜನವೇನು? ಸಂಬಂಧವೇನು? ಅಧಿಕಾರಿ ಯಾರು?

ಪ್ರಸ್ತುತ ಗ್ರಂಥದ ವಿಷಯ, ಕರ್ನಾಟಕದ ಅತಿ ಎತ್ತರದ ಶಿಖರಗಳನ್ನೆಲ್ಲ ಒಂದೂ ಬಿಡದೆ ಹತ್ತಿ ಮುಗಿಸುವುದು. ಪ್ರಯೋಜನ, ಮುಗಿಸಿದೆನೆಂದು ನಾಲ್ಕು ಜನರಿಗೆ ಹೇಳುವುದು. ಸಂಬಂಧ, ಶುಕ್ರವಾರ ರಾತ್ರಿ ಬೆಂಗಳೂರು ಬಿಡುವ ಟೆಂಪೋ ಟ್ರಾವೆಲರಿಗೂ ಸೋಮವಾರ ಬೆಳಗಿನ ಮೀಟಿಂಗಿಗೂ ಇರುವಂಥದು. ಇನ್ನು ಅಧಿಕಾರಿ. ವೇದಾಂತವನ್ನು ಓದಲು ವಿವೇಕ, ವೈರಾಗ್ಯ, ಶಮದಮಾದಿಗಳು ಮತ್ತು ಮೋಕ್ಷದ ಹಂಬಲ ಬೇಕು. ನಮ್ಮ ಶಾಸ್ತ್ರದ ಬೇಡಿಕೆ ಅಷ್ಟಿಲ್ಲ. ಒಂದು ಜೊತೆ ಮೊಣಕಾಲು, ಒಂದು ರೇನ್‌ಕೋಟು, ಕೇಳಿದಾಗ ರಜೆ ಕೊಡುವ ಮ್ಯಾನೇಜರು ಇದ್ದರೆ ಸಾಕು. ಮೋಕ್ಷದ ಹಂಬಲದ ಜಾಗದಲ್ಲಿ ಪಟ್ಟಿಯ ಮುಂದೆ ಟಿಕ್ ಹಾಕುವ ಹಂಬಲವಿದ್ದರೆ ನಡೆಯುತ್ತದೆ.

2. ಪಟ್ಟಿಯ ಪಾಠನಿರ್ಣಯ

ಬೆಟ್ಟ ಮೊದಲೋ ಪಟ್ಟಿ ಮೊದಲೋ ಎಂದು ಕೇಳುವವರು ಭೂಗರ್ಭಶಾಸ್ತ್ರ ಓದಿದವರು. ನಮ್ಮ ಸಿದ್ಧಾಂತದಲ್ಲಿ ಪಟ್ಟಿಯೇ ಮೊದಲು. ಬೆಟ್ಟ ಆಮೇಲೆ ಬಂದು ಅದರಲ್ಲಿ ಜಾಗ ಹಿಡಿಯುತ್ತದೆ.

ಇದಕ್ಕೆ ಪರದೇಶದ ಆಧಾರವೂ ಉಂಟು. ಸರ್ ಹ್ಯೂ ಮನ್ರೋ ಎಂಬಾತ 1891ರಲ್ಲಿ ಸ್ಕಾಟ್ಲೆಂಡಿನ 3,000 ಅಡಿ ಮೀರಿದ ಬೆಟ್ಟಗಳ ಪಟ್ಟಿ ಅಚ್ಚುಹಾಕಿಸಿದ. ಅಲ್ಲಿಯವರೆಗೆ ಕುರಿ ಮೇಯಲೆಂದು ಇದ್ದ ಗುಡ್ಡಗಳು ಅಂದಿನಿಂದ ಮನುಷ್ಯರು ಮುಗಿಸಬೇಕಾದ ಗುಡ್ಡಗಳಾದವು. ಪಟ್ಟಿ ಬರೆದ ಮಹಾನುಭಾವ ತನ್ನ ಪಟ್ಟಿಯನ್ನೇ ಮುಗಿಸಲಾಗದೆ 1919ರಲ್ಲಿ ತೀರಿಕೊಂಡ. ಅವನಿಗಿಂತ ಮುಂಚೆ, 1901ರಲ್ಲಿ, ಎ. ಇ. ರಾಬರ್ಟ್‌ಸನ್ ಎಂಬ ಪಾದ್ರಿ ಮುಗಿಸಿದರೆಂದು ಪ್ರತೀತಿ. ಆದರೆ ಬೆನ್ ವೈವಿಸ್ ಎಂಬ ಬೆಟ್ಟದಲ್ಲಿ ಮಳೆ ಹಿಡಿದಾಗ ಅವರು ತುದಿ ಮುಟ್ಟಿದರೋ ಅರ್ಧಕ್ಕೇ ಇಳಿದರೋ ಎಂಬ ತಕರಾರು ಇನ್ನೂ ತೀರಿಲ್ಲ. 2009ರಲ್ಲಿ ಒಂದು, 2012ರಲ್ಲಿ ಇನ್ನೊಂದು ಬೆಟ್ಟವನ್ನು ಮರು ಅಳತೆ ಮಾಡಿ, ಒಂದು ಮೀಟರೂ ಇಲ್ಲದ ಕೊರತೆಗಾಗಿ ಪಟ್ಟಿಯಿಂದ ಹೊರಗಿಟ್ಟರು. ಈಗ ಉಳಿದಿರುವುದು 282.

ನಮ್ಮಲ್ಲಿ ಮನ್ರೋ ಹುಟ್ಟಲಿಲ್ಲ. ವಾಟ್ಸಾಪ್ ಗುಂಪಿನ ಅಡ್ಮಿನ್ ಹುಟ್ಟಿದ್ದಾನೆ. ಅವನು ಕಳಿಸುವ ಪಟ್ಟಿಯನ್ನು ಗ್ರಂಥಸಂಪಾದನೆಯ ಶಿಸ್ತಿನಿಂದ ಪರಿಶೀಲಿಸಿದಾಗ ಮೂಲಪಾಠ ಹೀಗೆ ಸಿಗುತ್ತದೆ: ಮುಳ್ಳಯ್ಯನಗಿರಿ 1,930 ಮೀಟರ್ (1,925 ಎಂಬ ಪಾಠಾಂತರವುಂಟು), ಬಾಬಾಬುಡನ್‌ಗಿರಿ 1,895, ಕುದುರೆಮುಖ 1,894 (1,892 ಎಂದೂ ಪಾಠ), ತಡಿಯಂಡಮೋಳ್ 1,748, ಕುಮಾರ ಪರ್ವತ 1,712, ಬ್ರಹ್ಮಗಿರಿ 1,608. ಕೊಡಚಾದ್ರಿ 1,343 ಮೀಟರ್ ಮಾತ್ರ. ಈ ಸಾಲಿನಲ್ಲಿ ಕೂರುವ ಎತ್ತರ ಅದಕ್ಕಿಲ್ಲ. ಸೂರ್ಯಾಸ್ತದ ಫೋಟೋ ಚೆನ್ನಾಗಿ ಬರುತ್ತದೆಂಬ ಏಕೈಕ ಕಾರಣಕ್ಕೆ ಯಾರೋ ನಂತರದವರು ಸೇರಿಸಿದ ಪ್ರಕ್ಷಿಪ್ತವೆಂದು ವಿದ್ವಾಂಸರು ನಿರ್ಣಯಿಸಬೇಕು. ಬಿಳಿಗಿರಿರಂಗನ ಬೆಟ್ಟದ ಸಾಲಿನಲ್ಲೂ ಸಾಕಷ್ಟು ಎತ್ತರದ ತುದಿಗಳಿವೆ. ಆದರೆ ಅದು ಹುಲಿ ಸಂರಕ್ಷಿತ ಪ್ರದೇಶ. ಹುಲಿಯ ಬಳಿ ಹೋಗಿ ಪಾಠ ಪರಿಷ್ಕರಿಸುವ ಸಂಪಾದಕರು ಸಿಗದ ಕಾರಣ ಅದನ್ನು ಲುಪ್ತಪಾಠವೆಂದು ಬಿಡಲಾಗಿದೆ.

ಪಟ್ಟಿಯೇ ಮೊದಲೆಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನಮ್ಮ ಚರಿತ್ರೆಯಲ್ಲಿದೆ. ಕೊಡಗು ತಾನೇ ಒಂದು ರಾಜ್ಯವಾಗಿದ್ದ ಕಾಲದಲ್ಲಿ ತಡಿಯಂಡಮೋಳ್ ಆ ರಾಜ್ಯದ ಅತ್ಯುನ್ನತ ಶಿಖರ. 1956ರ ಅಕ್ಟೋಬರ್ 31ರ ರಾತ್ರಿ ಒಂದನೇ ಸ್ಥಾನದಲ್ಲಿ ಮಲಗಿದ ಆ ಬೆಟ್ಟ, ನವೆಂಬರ್ 1ರ ಬೆಳಗ್ಗೆ ಏಳುವಷ್ಟರಲ್ಲಿ ಮುಳ್ಳಯ್ಯನಗಿರಿಯ ಹಿಂದೆ, ಕುದುರೆಮುಖದ ಹಿಂದೆ ಸಾಲಿನಲ್ಲಿ ನಿಂತಿತ್ತು. ಬೆಟ್ಟದ ಮೇಲಿನ ಒಂದು ಹರಳೂ ಕದಲಿರಲಿಲ್ಲ. ಅಂದು ಕದಲಿದ್ದು ದಿಲ್ಲಿಯ ಕಡತ.

3. ಪ್ರಮಾಣ ವಿಚಾರ

ತುದಿ ತಲುಪಿದ್ದು ನಿಜವೇ ಎಂದು ಸಾಧಿಸುವುದು ಹೇಗೆ? ಕುಮಾರಿಲ ಭಟ್ಟರ ಪಂಥದವರು ಜ್ಞಾನಕ್ಕೆ ಆರು ಪ್ರಮಾಣಗಳನ್ನು ಹೇಳಿದ್ದಾರೆ. ಆರೂ ನಮ್ಮ ಕೆಲಸಕ್ಕೆ ಬರುತ್ತವೆ.

ಪ್ರತ್ಯಕ್ಷವೆಂದರೆ ಸೆಲ್ಫಿ. ದೋಷವೇನೆಂದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆಗೆದ ಎಲ್ಲ ಶಿಖರಗಳ ಸೆಲ್ಫಿಯೂ ಒಂದೇ: ಮುಂದೆ ಒದ್ದೆ ಮುಖ, ಹಿಂದೆ ಬಿಳಿ. ಕುದುರೆಮುಖದ ಬುಡದಲ್ಲಿ, ಮುಳ್ಳೋಡಿಯ ಹತ್ತಿರ, ಒಬ್ಬ ಜಿಜ್ಞಾಸುವಿಗೂ ಜೀಪಿನವರಿಗೂ ನಡೆದ ಸಂವಾದವನ್ನು ಇಲ್ಲಿ ದಾಖಲಿಸಬಹುದು.

"ಅಣ್ಣಾ, ಮೇಲೆ ಹೋದ್ರೆ ವ್ಯೂ ಕಾಣುತ್ತಾ?"

"ಓ, ಕಾಣ್ತದೆ ಸಾರ್. ಇವತ್ತು ಮಂಜು ಒಳ್ಳೆ ಕ್ಲಿಯರ್ ಆಗಿ ಕಾಣ್ತದೆ."

ಅನುಮಾನ ಎರಡನೆಯದು. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ ಇದೆಯೆಂದು ತಿಳಿಯಬೇಕು ಎಂಬುದು ತರ್ಕ ಕಲಿಯುವ ಹುಡುಗರಿಗೆ ಕೊಡುವ ಮೊದಲ ಉದಾಹರಣೆ. ನಮ್ಮ ನವ್ಯನ್ಯಾಯದಲ್ಲಿ ಬೆಟ್ಟದಲ್ಲಿ ಹೊಗೆ ಕಂಡರೆ ಮ್ಯಾಗಿ ಇದೆಯೆಂದು ತಿಳಿಯಬೇಕು. ಎಲ್ಲೆಲ್ಲಿ ಮ್ಯಾಗಿಯೋ ಅಲ್ಲಲ್ಲಿ ರಸ್ತೆ. ಎಲ್ಲೆಲ್ಲಿ ರಸ್ತೆಯೋ ಅಲ್ಲಲ್ಲಿ ಹಾರ್ನು. ಈ ವ್ಯಾಪ್ತಿಗೆ ಅಪವಾದ ಸಿಕ್ಕಿಲ್ಲ.

ಉಪಮಾನ ಮೂರನೆಯದು. ಹಸುವನ್ನು ಬಲ್ಲವನಿಗೆ "ಗವಯವೆಂಬ ಕಾಡುಪ್ರಾಣಿ ಹಸುವಿನಂತೆ ಇರುತ್ತದೆ" ಎಂದರೆ ಕಾಡಿನಲ್ಲಿ ಅದನ್ನು ಗುರುತು ಹಿಡಿಯುತ್ತಾನೆ. ನಮ್ಮವರು "ಮಗಾ, ಥೇಟ್ ಸ್ವಿಟ್ಜರ್ಲೆಂಡ್ ಕಣೋ" ಎನ್ನುತ್ತಾರೆ. ಹೇಳಿದವನೂ ಸ್ವಿಟ್ಜರ್ಲೆಂಡ್ ನೋಡಿಲ್ಲ, ಕೇಳಿದವನೂ ನೋಡಿಲ್ಲ. ಹಸುವೇ ಇಲ್ಲದೆ ಗವಯವನ್ನು ಗುರುತಿಸುವ ಈ ವಿಧಾನ ಭಾರತೀಯ ತರ್ಕಶಾಸ್ತ್ರಕ್ಕೆ ಚಾರಣಿಗರು ಕೊಟ್ಟ ಸ್ವತಂತ್ರ ಕಾಣಿಕೆ.

ಶಬ್ದ, ಅಂದರೆ ಆಪ್ತವಾಕ್ಯ. ಇಳಿದು ಬರುವವನು ಹತ್ತುವವನಿಗೆ ಹೇಳುವ "ಇಲ್ಲೇ, ಇನ್ನೊಂದ್ ಹತ್ತು ನಿಮಿಷ" ಎಂಬುದು ಇದರ ಮಾದರಿ. ಈ ವಾಕ್ಯ ಅಪೌರುಷೇಯ. ಯಾರು ಮೊದಲು ಹೇಳಿದರೋ ಗೊತ್ತಿಲ್ಲ, ಪ್ರತಿ ತಲೆಮಾರೂ ಅಕ್ಷರ ಬಿಡದೆ ಮುಂದಿನವರಿಗೆ ಒಪ್ಪಿಸುತ್ತ ಬಂದಿದೆ.

ಐದನೆಯದು ಅರ್ಥಾಪತ್ತಿ. ದಪ್ಪಗಿರುವ ದೇವದತ್ತ ಹಗಲು ಊಟ ಮಾಡುವುದಿಲ್ಲವೆಂದರೆ ರಾತ್ರಿ ಉಣ್ಣುತ್ತಾನೆಂದು ತಿಳಿಯಬೇಕಷ್ಟೆ. ಅದೇ ದೇವದತ್ತ ಈಗ ಕೊಡಚಾದ್ರಿಯ ಸರ್ವಜ್ಞ ಪೀಠದ ಮುಂದೆ ಕೈ ಅಗಲಿಸಿ ನಿಂತ ಫೋಟೋ ಹಾಕಿದ್ದಾನೆ. ಅವನ ಶೂಗಳು ಅಂಗಡಿಯಿಂದ ತಂದ ದಿನದಷ್ಟೇ ಬೆಳ್ಳಗಿವೆ. ಆದ್ದರಿಂದ ದೇವದತ್ತ ಜೀಪಿನಲ್ಲಿ ಬಂದಿದ್ದಾನೆ. ಅವನು ಮೂಲ ಮೂಕಾಂಬಿಕೆಯ ಗುಡಿಯವರೆಗೆ ಸೊಂಟ ಹಿಡಿದುಕೊಂಡು ಕುಲುಕಾಡಿ, ಅಲ್ಲಿಂದ ಮುಂದಷ್ಟೇ ನಡೆದು ಸರ್ವಜ್ಞನಾಗಿದ್ದಾನೆ.

ಕೊನೆಯದು ಅನುಪಲಬ್ಧಿ. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆಂದು ತಿಳಿಯುವಂತೆ, ಹತ್ತಲು ಮುಂದೇನೂ ಕಾಣದಿದ್ದರೆ ತುದಿ ಬಂತೆಂದು ತಿಳಿಯಬೇಕು. ಕುಮಾರ ಪರ್ವತದಲ್ಲಿ ಮಾತ್ರ ಇದು ಕೈಕೊಡುತ್ತದೆ. ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಉಂಡು, ಕಲ್ಲುಮಂಟಪ ದಾಟಿ, ಏದುಸಿರು ಬಿಡುತ್ತ ಶೇಷಪರ್ವತದ ನೆತ್ತಿಗೆ ಬಂದವನು ಎರಡೂ ಕೈ ಎತ್ತಿ ಕೂಗುತ್ತಾನೆ. ಕೂಗು ಮುಗಿಯುವಷ್ಟರಲ್ಲಿ ಮಂಜು ಸರಿದು, ಎದುರಿಗೆ ಇನ್ನೂ ಎತ್ತರದ್ದೊಂದು ಬೆಟ್ಟ ತೋರುತ್ತದೆ. ಅಲ್ಲಿಗೆ ಹೋಗಬೇಕಾದರೆ ಹತ್ತಿದ್ದರಲ್ಲಿ ಒಂದಷ್ಟನ್ನು ಇಳಿದು, ಕಾಡು ಹೊಕ್ಕು, ಜಾರುಬಂಡೆ ಏರಬೇಕು. ಚಿಪ್ಪಿನಲ್ಲಿ ಬೆಳ್ಳಿ ಕಂಡವನ ಭ್ರಾಂತಿಯನ್ನು ವಿವರಿಸಲು ದಾರ್ಶನಿಕರು ಎಷ್ಟೋ ತಾಳೆಗರಿ ಖರ್ಚು ಮಾಡಿದರು. ಶಿಷ್ಯರನ್ನು ಒಮ್ಮೆ ಕುಕ್ಕೆಗೆ ಕಳಿಸಿದ್ದರೆ ಸಾಕಿತ್ತು.

4. ತಾಪತ್ರಯ ಪ್ರಕರಣ

ಸಾಧಕನನ್ನು ಕಾಡುವ ತಾಪ ಮೂರು ಬಗೆ: ಆಧಿಭೌತಿಕ, ಆಧಿದೈವಿಕ, ಆಧ್ಯಾತ್ಮಿಕ.

ಆಧಿಭೌತಿಕದಲ್ಲಿ ಇಂಬಳವೇ ಪ್ರಧಾನ. ಒದ್ದೆ ಎಲೆಯ ಅಂಚಿನಲ್ಲಿ ದಾರದ ತುಂಡಿನಂತೆ ನಿಂತಿರುವ ಈ ಜೀವಿ ಹೆಜ್ಜೆಯ ಸದ್ದಿಗೆ ತಲೆ ಆಡಿಸುತ್ತದೆ. ಶೂ ಮುಟ್ಟಿದೊಡನೆ ಬಾಲವನ್ನು ತಲೆಗೆ ತಂದು, ತಲೆಯನ್ನು ಮುಂದೆ ಚಾಚಿ, ಗೇಣು ಹಾಕುತ್ತ ಮೇಲೇರುತ್ತದೆ. ಲೇಸಿನ ತೂತು ಸಿಕ್ಕರೆ ಅಲ್ಲಿಂದ, ಇಲ್ಲದಿದ್ದರೆ ಕಾಲುಚೀಲದ ನೇಯ್ಗೆಯ ಸಂದಿಯಿಂದ ಒಳಗೆ ಹೋಗುತ್ತದೆ. ಕಚ್ಚಿದ್ದು ಗೊತ್ತಾಗುವುದಿಲ್ಲ. ಕುಡಿದು ದ್ರಾಕ್ಷಿಯಷ್ಟಾಗಿ ಉದುರಿದ ಮೇಲೆ, ನಿಲ್ಲದೆ ಒಸರುವ ರಕ್ತದಿಂದ ಕಾಲುಚೀಲ ಕೆಂಪಾದಾಗಲೇ ತಿಳಿಯುವುದು. ಉಪ್ಪಿನ ಗಂಟು, ಸುಣ್ಣ, ಹೊಗೆಸೊಪ್ಪಿನ ನೀರು ಎಂದು ಮೂರು ಪಂಥಗಳಿವೆ. ಬಯಲುಸೀಮೆಯವರ ನಾಲ್ಕನೆಯ ಪಂಥ ಕಿರುಚುವುದು.

ಆಧಿದೈವಿಕವೆಂದರೆ ಮಳೆ, ಗಾಳಿ ಮತ್ತು ಆನ್‌ಲೈನ್ ಬುಕಿಂಗ್. 2024ರ ಜನವರಿಯ ರಜೆಗಳಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯಷ್ಟು ಜನ ಸೇರಿದರು. ಅದಾದ ಮೇಲೆ ಸರ್ಕಾರ ಚಾರಣಕ್ಕೆ ತಡೆ ಹಾಕಿ, ಮುಂಗಡ ಬುಕಿಂಗ್ ಮಾಡಿದವರಿಗಷ್ಟೇ ಬೆಟ್ಟ ಎಂದಿತು. ಅಂದಿನಿಂದ ಬೆಟ್ಟ ಹತ್ತಲು ಕಾಲಿಗಿಂತ ಮೊದಲು ಹೆಬ್ಬೆರಳು ಚುರುಕಾಗಿರಬೇಕಾಯಿತು. ಏಕಾಂತ ಬೇಕೆಂದು ಬೆಟ್ಟಕ್ಕೆ ಹೋದವರೇ ಒಟ್ಟುಸೇರಿ ಆ ಜಾತ್ರೆಯಾದದ್ದು ಎಂಬುದನ್ನು ಶಾಸ್ತ್ರ ಗಮನಿಸುತ್ತದೆ, ಟೀಕಿಸುವುದಿಲ್ಲ.

ಆಧ್ಯಾತ್ಮಿಕ ತಾಪ ಕುದುರೆಮುಖದ ದಾರಿಯಲ್ಲಿ, ಒಂಟಿಮರದಿಂದ ಸ್ವಲ್ಪ ಮುಂದೆ, "ನಾನು ಯಾರು, ಇಲ್ಲಿಗೆ ಯಾಕೆ ಬಂದೆ" ಎಂಬ ರೂಪದಲ್ಲಿ ಹುಟ್ಟುತ್ತದೆ. ಉಪನಿಷತ್ಕಾಲದಿಂದ ಉಳಿದಿರುವ ಪ್ರಶ್ನೆಯೇ ಇದು. ಈಗ ಮೊಣಕಾಲು ಕೇಳುತ್ತಿದೆ, ಅಷ್ಟೇ ವ್ಯತ್ಯಾಸ.

5. ಎತ್ತರದ ಮಾನದಂಡ: ಪೂರ್ವಪಕ್ಷ ಮತ್ತು ಸಿದ್ಧಾಂತ

ಎತ್ತರವನ್ನು ಸಮುದ್ರಮಟ್ಟದಿಂದ ಅಳೆಯಬೇಕೆಂಬುದು ಪೂರ್ವಪಕ್ಷ. ಅದರ ಬೆನ್ನಿಗೆ ಬಲವಾದ ಸಂಸ್ಥೆಯೇ ಇದೆ. ಭಾರತೀಯ ಸರ್ವೇಕ್ಷಣಾ ಇಲಾಖೆ 1909ರಲ್ಲಿ ನಿಗದಿ ಮಾಡಿದ ಮಟ್ಟಕ್ಕೆ ಒಂಬತ್ತು ಬಂದರುಗಳಲ್ಲಿ ಅಳೆದ ಉಬ್ಬರವಿಳಿತ ಆಧಾರ. ಅವುಗಳಲ್ಲಿ ನಮ್ಮ ಕಾರವಾರವೂ ಒಂದು. ಅಂದರೆ ಮುಳ್ಳಯ್ಯನಗಿರಿ ಎಷ್ಟು ಎತ್ತರವೆಂದು ತೀರ್ಮಾನಿಸುವುದರಲ್ಲಿ ಕಾರವಾರದ ಕಡಲಿಗೂ ಒಂದು ಮತವಿದೆ.

ಈ ಪಕ್ಷದ ದೋಷ ಸ್ಪಷ್ಟ. ಕಾರವಾರದ ಕಡಲಿನಿಂದ ನಡೆಯುತ್ತ ಹೊರಟು ಮುಳ್ಳಯ್ಯನಗಿರಿ ಹತ್ತಿದವರು ಎಷ್ಟು ಮಂದಿ? ಕೈಮರದ ಚೆಕ್‌ಪೋಸ್ಟ್ ದಾಟಿ, ಸೀತಾಳಯ್ಯನಗಿರಿಯ ತಿರುವುಗಳಲ್ಲಿ ಎದುರು ಬಂದ ಗಾಡಿಗೆ ಹಿಂದೆ ಸರಿದು ದಾರಿ ಬಿಟ್ಟು, ಮೇಲೆ ಇಳಿದರೆ ಉಳಿಯುವುದು ಐನೂರರ ಆಸುಪಾಸಿನ ಮೆಟ್ಟಿಲು. ಅದರ ತುದಿಯಲ್ಲಿ ಮುಳ್ಳಪ್ಪಸ್ವಾಮಿಯ ಗುಡಿ. ರಾಜ್ಯದ ಅತ್ಯುನ್ನತ ಬಿಂದು ಅಷ್ಟರಲ್ಲಿ ಮುಗಿಯಿತು. ಸರ್ಪದಾರಿಯಿಂದ ನಡೆದು ಬಂದವರು ಬೇರೆ ಲೆಕ್ಕ, ಅವರು ಅಲ್ಪಸಂಖ್ಯಾತರು. ಇತ್ತ ಕುಮಾರ ಪರ್ವತ ಮುಳ್ಳಯ್ಯನಗಿರಿಗಿಂತ ಇನ್ನೂರು ಮೀಟರಿಗೂ ಮಿಕ್ಕು ಗಿಡ್ಡ. ಆದರೆ ಕುಕ್ಕೆ ಸುಬ್ರಹ್ಮಣ್ಯ ಇರುವುದೇ ಘಟ್ಟದ ಬುಡದಲ್ಲಿ. ಅಲ್ಲಿಂದ ತುದಿಗೆ ಒಂದೂವರೆ ಸಾವಿರ ಮೀಟರಿಗಿಂತ ಹೆಚ್ಚನ್ನು ಸ್ವಂತ ಕಾಲಿನಲ್ಲೇ ಏರಬೇಕು.

ಆದ್ದರಿಂದ ಸಿದ್ಧಾಂತ: ಶಿಖರದ ಎತ್ತರವನ್ನು ಪಾರ್ಕಿಂಗ್ ಮಟ್ಟದಿಂದ ಅಳೆಯತಕ್ಕದ್ದು. ಇದರಂತೆ ಕುಮಾರ ಪರ್ವತ ಮೊದಲ ಸ್ಥಾನಕ್ಕೆ ಏರುತ್ತದೆ. ಮುಳ್ಳಯ್ಯನಗಿರಿ ಪಟ್ಟಿಯ ತಳಕ್ಕೆ ಇಳಿಯುತ್ತದೆ. ಮುಂದೆ ರಸ್ತೆ ಅಗಲವಾದಂತೆಲ್ಲ ಬೆಟ್ಟಗಳು ಗಿಡ್ಡವಾಗುತ್ತ ಹೋಗುತ್ತವೆಂಬುದು ಇದರ ಉಪಪ್ರಮೇಯ. ಸಾವಿರಾರು ವರ್ಷ ಸುರಿದ ಮಳೆಗೂ ಸವೆಯದ ಶಿಖರವನ್ನು ಒಂದು ಟೆಂಡರು ಸವೆಸಬಲ್ಲದು.

6. ಫಲಶ್ರುತಿ

ಪರಿಷ್ಕೃತ ಮಾನದಂಡವನ್ನು ರಾಜ್ಯಕ್ಕೆಲ್ಲ ಅನ್ವಯಿಸಿದಾಗ ಪಟ್ಟಿಯಲ್ಲಿಲ್ಲದ ಒಂದು ಬೆಟ್ಟ ತಾನಾಗಿ ಮೇಲೆ ಬರುತ್ತದೆ. ಮೈಸೂರಿನ ಚಾಮುಂಡಿ ಬೆಟ್ಟಕ್ಕೆ ದೊಡ್ಡದೇವರಾಜ ಒಡೆಯರ ಕಾಲದಿಂದ ಸಾವಿರ ಮೆಟ್ಟಿಲು. ಲೆಕ್ಕ ಮಾಡಿದರೆ ಎರಡು ಮುಳ್ಳಯ್ಯನಗಿರಿ. ಆಷಾಢದಲ್ಲಿ ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಬಗ್ಗಿ, ಅರಿಸಿನ ಕುಂಕುಮ ಇಟ್ಟು, ಸೊಂಟ ನೆಟ್ಟಗೆ ಮಾಡಿಕೊಂಡು ಮುಂದಿನ ಮೆಟ್ಟಿಲಿಗೆ ಮತ್ತೆ ಬಗ್ಗುತ್ತಾರೆ. ಸಾವಿರ ಏರು, ಸಾವಿರ ಬಾಗು. ಕೈಯಲ್ಲಿ ಟ್ರೆಕ್ಕಿಂಗ್ ಪೋಲಿಲ್ಲ, ಸೆರಗು ಬಿಗಿದ ಸೀರೆ, ಬರಿಗಾಲು. ಅವರನ್ನು ಚಾರಣಿಗರೆಂದು ಯಾವ ಗುಂಪೂ ಸೇರಿಸಿಕೊಂಡಿಲ್ಲ. ಬೆಟ್ಟ ಮುಗಿಸಿದೆವೆಂದು ಅವರೂ ಹೇಳುವುದಿಲ್ಲ. ಹರಕೆ ತೀರಿತು ಎನ್ನುತ್ತಾರೆ, ಅದೂ ಮನೆಯವರಿಗೆ ಮಾತ್ರ. ಪ್ರಮಾಣಪತ್ರ, ಪದಕ, ಟೀಶರ್ಟು ಕೊಡುವ ಸಂದರ್ಭ ಬಂದರೆ ಮೊದಲ ಸಾಲಿನಲ್ಲಿ ಅವರನ್ನು ಕೂರಿಸಿ, ದೇವದತ್ತನನ್ನು ಹಿಂದೆ ನಿಲ್ಲಿಸತಕ್ಕದ್ದೆಂದು ಶಾಸ್ತ್ರದ ಅಭಿಪ್ರಾಯ.

ಇದನ್ನು ಪಠಿಸಿದವರಿಗೆ ಇಂಬಳ ಕಚ್ಚುವುದಿಲ್ಲ, ಏಕೆಂದರೆ ಅವರು ಮನೆಯಲ್ಲಿ ಕೂತು ಪಠಿಸುತ್ತಿರುತ್ತಾರೆ. ಕೇಳಿದವರಿಗೆ ಮುಂದಿನ ಶನಿವಾರದ ಬುಕಿಂಗ್ ಸಿಗುತ್ತದೆ. ಸಿಕ್ಕವರಿಗೆ ಮಳೆ ಬರುತ್ತದೆ. ಇಲ್ಲಿಗೆ ಶಿಖರ ಸಮಾಪ್ತಿ ಮೀಮಾಂಸೆ ಮುಗಿಯಿತು. ಇನ್ನೂ ಒಂದು ಅಧ್ಯಾಯ ಬರೆಯುವ ಉದ್ದೇಶವಿತ್ತು, ಆದರೆ ಕತ್ತಲಾಗುವ ಮುಂಚೆ ಇಳಿಯಬೇಕೆಂದು ಜೀಪಿನವರು ಹಾರ್ನ್ ಹೊಡೆಯುತ್ತಿದ್ದಾರೆ.