ಕಾದ್ರ ನಂದು, ಕಚ್ಚಿದ್ರ ಊರಂದು

(ಬಂಗಾರದ ಗಣಿಯ ಊರು ಹಟ್ಟಿಯ ಒಂದು ಚಹಾದಂಗಡಿ)

ತಮ್ಮ: ಕಾಕಾ, ನಿಮ್ಮ ನಾಯಿ ಓಣಿ ಹುಡುಗನ ಕಾಲು ಕಚ್ಚೇತಿ!

ಕಾಕಾ: ನಂದಲ್ಲಪ, ಊರ ನಾಯಿ.

ತಮ್ಮ: ಮೊನ್ನೆ ಹೊಲ ಕಾಯಾಕ ಒಯ್ದಿದ್ರಿ?

ಕಾಕಾ: ಆವಾಗ ನಂದು. ನೆಲದಾಗಿನ ಬಂಗಾರ ಸರ್ಕಾರದ್ದು ಅಂದಮ್ಯಾಲ ಓಣ್ಯಾಗಿನ ನಾಯಿನೂ ಸರ್ಕಾರದ್ದ.

ತಮ್ಮ: ಅದರ ಮರಿ ಎಲ್ಲಿ?

ಕಾಕಾ: ಗಂಡು ಮನ್ಯಾಗ. ಹೆಣ್ಣು ಚೀಲದಾಗ ಹಾಕಿ ಕೋಳಿ ಅಂಗಡಿ ಮುಂದ ಬಿಟ್ಟೆ. ಉಪವಾಸ ಬೀಳಬಾರ್ದು ನೋಡು.

ತಮ್ಮ: 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದಾಗ ಸಾಕಿದ ನಾಯಿ ಲಸಿಕಿ, ಸಂತಾನಹರಣ ಎಲ್ಲಾ ಮಾಲೀಕಂದೇ ಜವಾಬ್ದಾರಿ.

ಕಾಕಾ: ಹೊಟ್ಟಿ ಕೊಯ್ಸೂದು ಪಾಪ!

ತಮ್ಮ: ಹುಡುಗನ ಗಾಯಕ್ಕ ಏನ್ ಹಚ್ಚೀರಿ?

ಕಾಕಾ: ಖಾರಪುಡಿ.

ತಮ್ಮ: ಅಯ್ಯೋ! ಸಾಬೂನು ಹಚ್ಚಿ 15 ನಿಮಿಷ ತೊಳೀರಿ. ದವಾಖಾನಿಗೆ ಒಯ್ದು ರೇಬಿಸ್ ಸೂಜಿ ಮಾಡಿಸ್ರಿ.

ಕಾಕಾ: ಹುಡುಗಗ ಸೂಜಿ ಯಾಕೋ? ಅಂವೇನು ಕಚ್ಯಾನ?