ಜಾಲದುರ್ಗ ಮೀಮಾಂಸೆ

ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ನೀರು, ಬೆಟ್ಟ, ಮರುಭೂಮಿ, ಕಾಡು ಎಂದು ನಾಲ್ಕು ಬಗೆಯ ದುರ್ಗಗಳನ್ನು ಹೇಳಿ ಅಷ್ಟಕ್ಕೇ ನಿಲ್ಲಿಸಿದ್ದಾನೆ. ಐದನೆಯದಾದ ಜಾಲದುರ್ಗದ ಸುದ್ದಿಯೇ ಇಲ್ಲ. ಇದು ಆಚಾರ್ಯನ ದೋಷವೆಂದು ನಾವು ಭಾವಿಸುವುದಿಲ್ಲ. ಅವನ ಕಾಲದಲ್ಲಿ ಸಾಫ್ಟ್‌ವೇರ್ ಟೆಂಡರ್ ಕರೆಯುತ್ತಿರಲಿಲ್ಲ. ಆ ಕೊರತೆಯನ್ನು ತುಂಬಿ, ಬಳಕೆದಾರರ ಹಾವಳಿಯಿಂದ ಜಾಲತಾಣವನ್ನು ಕಾಪಾಡಿಕೊಳ್ಳುವ ಬಗೆಯನ್ನು ಶಾಸ್ತ್ರೋಕ್ತವಾಗಿ ನಿರೂಪಿಸುವುದೇ ಪ್ರಸ್ತುತ ಪ್ರಬಂಧದ ಪ್ರಯೋಜನ.

ಮೊದಲು ಪೂರ್ವಪಕ್ಷ. ಜಾಲತಾಣವಿರುವುದು ಜನ ಬಂದು, ಬೇಕಾದ್ದನ್ನು ಕಂಡು, ಕೆಲಸ ಮುಗಿಸಿಕೊಂಡು ಹೋಗುವುದಕ್ಕೆ ಎಂದು ವಾದಿಸುವ ಪಂಥವೊಂದಿದೆ. ಇದರ ಮೂಲಪುರುಷ ಟಿಮ್ ಬರ್ನರ್ಸ್-ಲೀ. ಜಿನೀವಾ ಬಳಿಯ ಸರ್ನ್ ಸಂಶೋಧನಾ ಸಂಸ್ಥೆಯಲ್ಲಿ ಕೂತು ಆತ 1991ರಲ್ಲಿ ಲೋಕಕ್ಕೆ ತೆರೆದ ಮೊದಲ ಜಾಲತಾಣದಲ್ಲಿ ಇದ್ದದ್ದು ಅಕ್ಷರ ಮತ್ತು ಕೊಂಡಿ, ಅಷ್ಟೇ. ಮಹಾನಿರ್ದೇಶಕರ ಭಾವಚಿತ್ರ ಇಲ್ಲ, ಅವರ ಸಂದೇಶ ಇಲ್ಲ, ಓಡುವ ಸಾಲಿನಲ್ಲಿ ‘ಸುಸ್ವಾಗತ’ ಇಲ್ಲ. ಇಂಥ ಬೋಳು ತಾಣವನ್ನು ಯಾವ ಸಚಿವರು ತಾನೇ ಉದ್ಘಾಟಿಸಿಯಾರು? ಇದೇ ಪಂಥದ ಯಾಕೋಬ್ ನೀಲ್ಸನ್ 1994ರಲ್ಲಿ ಹತ್ತು ಸೂತ್ರಗಳನ್ನು ರಚಿಸಿದ. ಒಳಗೆ ಏನು ನಡೆಯುತ್ತಿದೆ ಎಂಬುದು ಬಳಕೆದಾರನಿಗೆ ಸದಾ ಗೊತ್ತಾಗುತ್ತಿರಬೇಕು ಎಂಬುದು ಅವುಗಳಲ್ಲಿ ಮೊದಲನೆಯದು. ಒಪ್ಪಿದೆವು, ಅದಕ್ಕೇ ತೆರೆಯ ನಡುವೆ ಚಕ್ರ ತಿರುಗುತ್ತಿರುವಂತೆ ನೋಡಿಕೊಂಡಿದ್ದೇವೆ. ಸ್ಟೀವ್ ಕ್ರೂಗ್ ಎಂಬಾತನಂತೂ, ಬಂದವರಿಗೆ ಯೋಚಿಸುವ ಕೆಲಸವನ್ನೇ ಕೊಡಬೇಡಿ ಎಂದು 2000ದಲ್ಲಿ ಪುಸ್ತಕವನ್ನೇ ಬರೆದ. ಋಷಿಮುನಿಗಳು ತಪಸ್ಸು ಮಾಡಿದ ನೆಲದಲ್ಲಿ ಯೋಚನೆಯನ್ನು ಬೇಡವೆನ್ನುವ ಗ್ರಂಥಕ್ಕೆ ಮನ್ನಣೆ ಸಿಗದಿದ್ದರೆ ಆಶ್ಚರ್ಯವಿಲ್ಲ.

ಇನ್ನು ಸಿದ್ಧಾಂತ. ಜಾಲತಾಣವೂ ಚಿತ್ರದುರ್ಗದ ಕೋಟೆಯಂತೆ ಏಳು ಸುತ್ತಿನದಾಗಿರತಕ್ಕದ್ದು.

ಹೆಬ್ಬಾಗಿಲಾದ ಮುಖಪುಟದಲ್ಲಿ ಅರ್ಜಿಯ ಕೊಂಡಿ ಕಾಣಿಸುವುದು ನಿಷಿದ್ಧ. ಅಲ್ಲಿ ಗಣ್ಯರ ಭಾವಚಿತ್ರಗಳು ಒಂದರ ಹಿಂದೊಂದು ಸರಿಯುತ್ತಿರಬೇಕು. ಸುತ್ತೋಲೆಗಳ ಪಕ್ಕದಲ್ಲಿ ‘ಹೊಸದು’ ಎಂಬ ಕೆಂಪು ಅಕ್ಷರ ಮಿಟುಕುತ್ತಿರಬೇಕು. ಸುತ್ತೋಲೆ 2014ರದ್ದಾದರೂ ಬಾಧಕವಿಲ್ಲ, ಕಾಲವೇ ಮಾಯೆ. ಮಿಟುಕುವ ಅಕ್ಷರಕ್ಕೂ ಒಂದು ಪರಂಪರೆಯಿದೆ. ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ 1994ರ ಒಂದು ಸಂಜೆ ಗೆಳೆಯರ ಜೊತೆ ಬಾರಿನಲ್ಲಿ ಕೂತು, ಬೇರೇನೂ ಆಗದಿದ್ದರೆ ಅಕ್ಷರವನ್ನು ಮಿಟುಕಿಸಬಹುದು ಎಂದು ತಮಾಷೆಗೆ ಹೇಳಿದನಂತೆ. ಬೆಳಗಾಗುವುದರೊಳಗೆ ಸಹೋದ್ಯೋಗಿಯೊಬ್ಬ ಅದನ್ನು ಮಾಡಿಟ್ಟಿದ್ದ. 2013ರಲ್ಲಿ ಫೈರ್‌ಫಾಕ್ಸ್ ಕೂಡ ಅದನ್ನು ಕೈಬಿಟ್ಟಿತು. ನಮ್ಮವರು ಬಿಟ್ಟಿಲ್ಲ. ಬಾರಿನ ಹರಟೆಯಲ್ಲಿ ಹುಟ್ಟಿದ್ದನ್ನು ಇಷ್ಟು ಶ್ರದ್ಧೆಯಿಂದ ಪಾಲಿಸುವ ಸಂಪ್ರದಾಯ ಬೇರೆಲ್ಲೂ ಇರಲಾರದು.

ಎರಡನೆಯ ಸುತ್ತು ಭಾಷೆಯದು. ಮೇಲ್ತುದಿಯಲ್ಲಿ ‘ಕನ್ನಡ’ ಎಂಬ ಗುಂಡಿ ಇರಲೇಬೇಕು. ಒತ್ತಿದರೆ ಲಾಂಛನದ ಕೆಳಗಿನ ಹೆಸರು ಕನ್ನಡವಾಗುತ್ತದೆ, ಉಳಿದದ್ದು ಇಂಗ್ಲಿಷಿನಲ್ಲೇ ಇರುತ್ತದೆ. ಕನ್ನಡದ ಕಡತಗಳನ್ನು ಹಳೆಯ ಫಾಂಟಿನಲ್ಲಿ ಟೈಪು ಮಾಡಿ, ಮುದ್ರಿಸಿ, ಸಹಿ ಹಾಕಿ, ಸೀಲು ಒತ್ತಿ, ಓರೆಯಾಗಿ ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿ ಏರಿಸುವುದು ಶಿಷ್ಟಾಚಾರ. ಹೀಗಾದಾಗ ಅದರೊಳಗಿನ ಒಂದಕ್ಷರವೂ ಹುಡುಕಿದರೆ ಸಿಗುವುದಿಲ್ಲ. ಸ್ಕ್ಯಾನ್ ಮಾಡದೆ ಬಿಟ್ಟರೂ ಚಿಂತೆಯಿಲ್ಲ: ಕಾಪಿ ಮಾಡಿ ಬೇರೆಡೆ ಅಂಟಿಸಿದೊಡನೆ ಕನ್ನಡವೆಲ್ಲ ತಲೆಯ ಮೇಲೆ ಗೀಟು, ಚುಕ್ಕೆ ಹೊತ್ತ ರೋಮನ್ ಅಕ್ಷರಗಳಾಗಿ ನಿಲ್ಲುತ್ತದೆ. 1991ರಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿ ಹೊರಬಂದಾಗಲೇ ಅದರಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿತ್ತು ಎಂದು ಕೆಲವರು ನೆನಪಿಸುತ್ತಾರೆ. ಜಾಗ ಸಿಕ್ಕಿದ್ದು ನಿಜ. ಕಡತ ಇನ್ನೂ ಮೇಜಿನಿಂದ ಮೇಜಿಗೆ ಹೋಗುತ್ತಿದೆ.

ಮೂರನೆಯದು ನಾಮಪ್ರಾಕಾರ. ಇಡೀ ಕೋಟೆಯಲ್ಲಿ ಇದರಷ್ಟು ಭದ್ರವಾದ ಗೋಡೆ ಇನ್ನೊಂದಿಲ್ಲವಾಗಿ ಇಲ್ಲಿ ಕೊಂಚ ನಿಲ್ಲಬೇಕು. ಅರ್ಜಿಯಲ್ಲಿ ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು ಎಂಬ ಮೂರು ಮನೆಗಳಿರುತ್ತವೆ. ಹೊಸಹಳ್ಳಿಯ ಕರಿಯಪ್ಪನವರ ಮಗ ರಂಗಪ್ಪ ಎಂದಿಟ್ಟುಕೊಳ್ಳಿ. ಊರಿನವರಿಗೆ ಅವನು ಎಚ್. ಕೆ. ರಂಗಪ್ಪ. ಊರು, ಅಪ್ಪ, ತಾನು ಎಂದು ಹೆಸರಿನಲ್ಲೇ ವಿಳಾಸ ಹೊತ್ತು ತಿರುಗುವ ಈ ಪ್ರಾಣಿಗೆ ಕೊನೆಯ ಹೆಸರು ಎಂಬುದೇ ಇಲ್ಲ. ಆದರೆ ಆ ಮನೆಯ ತಲೆಯ ಮೇಲೆ ಕೆಂಪು ನಕ್ಷತ್ರವಿದೆ, ಖಾಲಿ ಬಿಡುವಂತಿಲ್ಲ. ರಂಗಪ್ಪ ‘ಎಚ್. ಕೆ.’ ಎಂದು ತುಂಬುತ್ತಾನೆ. ಚುಕ್ಕೆ ಸಲ್ಲದು ಎನ್ನುತ್ತದೆ ತಾಣ. ಚುಕ್ಕೆ ತೆಗೆಯುತ್ತಾನೆ. ಕನಿಷ್ಠ 3 ಅಕ್ಷರ ಇರಬೇಕು ಎನ್ನುತ್ತದೆ. ಹೊಸಹಳ್ಳಿ ಎಂದೇ ಪೂರ್ತಿ ಬರೆಯುತ್ತಾನೆ. ಆಧಾರ್‌ನಲ್ಲಿರುವ ಹೆಸರಿಗೆ ತಾಳೆಯಾಗುತ್ತಿಲ್ಲ ಎನ್ನುತ್ತದೆ. ಬೇಸತ್ತು ಎರಡೂ ಕಡೆ ರಂಗಪ್ಪ, ರಂಗಪ್ಪ ಎಂದು ಒತ್ತುತ್ತಾನೆ. ಕೂಡಲೇ ಹಸಿರು ಟಿಕ್ಕು ಬೀಳುತ್ತದೆ. ಹೀಗೆ ರಂಗಪ್ಪ ತನಗೆ ತಾನೇ ತಂದೆಯಾದ. ಸ್ವಯಂಭೂ ಎಂದರೆ ಶಿವಲಿಂಗ ಮಾತ್ರವಲ್ಲ ಎಂಬುದು ಇದರಿಂದ ಸಿದ್ಧಿಸುತ್ತದೆ. ಮುಂದೆ ಪ್ರಮಾಣಪತ್ರದಲ್ಲೂ ಇದೇ ಹೆಸರು ಅಚ್ಚಾಗಿ ಬರುತ್ತದೆ. ತಿದ್ದುಪಡಿಗೆ ಬೇರೆ ಅರ್ಜಿ, ಬೇರೆ ಶುಲ್ಕ, ಅದೇ ಮೂರು ಮನೆ.

ನಾಲ್ಕನೆಯ ಸುತ್ತಿನಲ್ಲಿ ಬಂದವನು ಮನುಷ್ಯನೇ ಎಂಬುದನ್ನು ಪರೀಕ್ಷಿಸಲಾಗುತ್ತದೆ. ಮನುಷ್ಯ ಸುಲಭವಾಗಿ ಓದಬಲ್ಲ, ಯಂತ್ರಕ್ಕೆ ಓದಲಾಗದ ಸೊಟ್ಟಂಬಟ್ಟ ಅಕ್ಷರಗಳ ಈ ಪರೀಕ್ಷೆಗೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲೂಯಿಸ್ ವಾನ್ ಆನ್ ಮತ್ತು ಸಂಗಡಿಗರು ಕ್ಯಾಪ್ಚಾ ಎಂಬ ಹೆಸರಿಟ್ಟರು. ಈಗ ಯಂತ್ರಗಳು ಅದನ್ನು ಸಲೀಸಾಗಿ ಓದುತ್ತವೆ, ಸೊನ್ನೆಯೋ ‘ಓ’ ಅಕ್ಷರವೋ ಎಂದು ಕನ್ನಡಕ ಒರೆಸಿಕೊಳ್ಳುವುದು ಮನುಷ್ಯರು ಮಾತ್ರ. ಆದ್ದರಿಂದ ತಪ್ಪು ಉತ್ತರ ಕೊಟ್ಟವರನ್ನು ಒಳಗೆ ಬಿಡುವುದೇ ನ್ಯಾಯ ಎಂದು ನವ್ಯರು ವಾದಿಸುತ್ತಾರೆ. ಚಿತ್ರಪರೀಕ್ಷೆ ಇನ್ನೂ ಸೂಕ್ಷ್ಮವಾದದ್ದು. ಅಮೆರಿಕದ ಬೀದಿಬದಿಯಲ್ಲಿ ಬೆಂಕಿ ಆರಿಸಲು ನೆಟ್ಟ ಕುಳ್ಳು ನಲ್ಲಿಗಳಿರುವ ಚೌಕಗಳನ್ನೆಲ್ಲ ಹಿರಿಯೂರಿನ ರೈತ ಗುರುತಿಸಬೇಕು. ಗುರುತಿಸದಿದ್ದರೆ ಅವನು ರೋಬೋ.

ಐದನೆಯ ಸುತ್ತು: ಈ ಭಾಗ ನಿರ್ವಹಣೆಯಲ್ಲಿದೆ. ಅಡಚಣೆಗಾಗಿ ವಿಷಾದಿಸುತ್ತೇವೆ.

ಆರನೆಯದರಲ್ಲಿ ಭಾವಚಿತ್ರ 20 ಕೆಬಿಗಿಂತ ಹೆಚ್ಚಿರಬೇಕು, 50 ಕೆಬಿ ಮೀರಬಾರದು ಎಂಬ ನಿಯಮವಿದೆ. ಮೊಬೈಲಿನಲ್ಲಿ ತೆಗೆದ ಫೋಟೊ ಎಂಬಿಗಳ ಲೆಕ್ಕದಲ್ಲಿರುತ್ತದೆ; ಅದನ್ನು ಕುಗ್ಗಿಸುವುದು ಅರ್ಜಿದಾರನ ಕರ್ಮ. ನಿಯಮವನ್ನು ತಿಳಿಬೂದು ಹಿನ್ನೆಲೆಯ ಮೇಲೆ ನಡುಬೂದು ಅಕ್ಷರದಲ್ಲಿ ಬರೆಯಬೇಕು. ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅನುಪಾತ ಕನಿಷ್ಠ 4.5ಕ್ಕೆ 1 ಇರಲಿ, ಕಣ್ಣು ಮಂದವಾದವರಿಗೂ ಕಾಣಲಿ ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಭಾರತ ಸರ್ಕಾರವೂ ತನ್ನ ಜಾಲತಾಣಗಳಿಗೆ 2009ರಿಂದಲೇ ಮಾರ್ಗಸೂಚಿ ಇಟ್ಟುಕೊಂಡಿದೆ. ಅವನ್ನು ಪಾಲಿಸುವುದಕ್ಕಿಂತ, ಪಾಲಿಸಿದ್ದೇವೆಂದು ಪುಟದ ಅಡಿಯಲ್ಲಿ ಬರೆದುಕೊಳ್ಳುವುದಕ್ಕೆ ಖರ್ಚು ಕಡಿಮೆ.

ಕಡೆಯ ಸುತ್ತಿನಲ್ಲಿ ಎರಡು ಗುಂಡಿಗಳು. ಗುರಿ ದೊಡ್ಡದಿದ್ದಷ್ಟೂ ಹತ್ತಿರವಿದ್ದಷ್ಟೂ ಕೈ ಬೇಗ ತಲುಪುತ್ತದೆ ಎಂದು ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲೇ ತೋರಿಸಿಕೊಟ್ಟ. ನಮ್ಮವರು ಈ ನಿಯಮವನ್ನು ಚೆನ್ನಾಗಿ ಓದಿಕೊಂಡಿದ್ದಾರೆ. ‘ಸಲ್ಲಿಸಿ’ ಎಂಬ ಗುಂಡಿಗೆ ಒತ್ತಿಕೊಂಡೇ, ಅದೇ ಬಣ್ಣದಲ್ಲಿ, ಅದೇ ಅಳತೆಯಲ್ಲಿ, ‘ರೀಸೆಟ್’ ಕೂತಿರುತ್ತದೆ. ಹೆಬ್ಬೆರಳು ಒಂದು ಕೂದಲೆಳೆಯಷ್ಟು ಸರಿದರೆ ತುಂಬಿದ್ದೆಲ್ಲ ಅಳಿದು ಪುಟ ಬೆಳ್ಳಗಾಗುತ್ತದೆ. ಸರಿಯಾಗಿ ಒತ್ತಿದವರ ಪಾಲಿಗೆ ‘ನಿಮ್ಮ ಅವಧಿ ಮುಗಿದಿದೆ’ ಎಂಬ ವಾಕ್ಯವಿದೆ. ಯಮಧರ್ಮನೂ ಇಷ್ಟು ನೇರವಾಗಿ ಹೇಳುವುದಿಲ್ಲ.

ಖಾಸಗಿ ಅಂಗಡಿ ತಾಣಗಳು ಈ ಶಾಸ್ತ್ರಕ್ಕೆ ವಿರುದ್ಧವಲ್ಲವೇ, ಅಲ್ಲಿ ಎಲ್ಲವೂ ಬೆರಳ ತುದಿಯಲ್ಲಿದೆಯಲ್ಲ ಎಂಬ ಆಕ್ಷೇಪಕ್ಕೆ ಉತ್ತರ: ಅಲ್ಲಿ ಕೋಟೆಯನ್ನು ಒಳಮಗ್ಗುಲಿಗೆ ಕಟ್ಟಿರುತ್ತಾರೆ. ಸದಸ್ಯನಾಗಲು ಒಂದು ಗುಂಡಿ. ಸದಸ್ಯತ್ವ ಬಿಡಲು ಅಭಿಮನ್ಯುವಿನ ಪಾಡು. ಇಂಥ ಕುಟಿಲ ವಿನ್ಯಾಸಗಳಿಗೆ ಹ್ಯಾರಿ ಬ್ರಿಗ್ನಲ್ ಎಂಬಾತ 2010ರಲ್ಲಿ ‘ಡಾರ್ಕ್ ಪ್ಯಾಟರ್ನ್’ ಎಂದು ಹೆಸರಿಟ್ಟ. 2023ರ ನವೆಂಬರಿನಲ್ಲಿ ಭಾರತದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅವುಗಳಲ್ಲಿ 13 ಬಗೆಗಳನ್ನು ಪಟ್ಟಿ ಮಾಡಿ ನಿಷೇಧಿಸಿತು: ಕೇಳದೆಯೇ ಬುಟ್ಟಿಗೆ ವಸ್ತು ಸೇರಿಸುವುದು, ಬೇಡವೆಂದವನ ಮಾನ ಕಳೆಯುವುದು, ಬೆಲೆಯನ್ನು ತೊಟ್ಟುತೊಟ್ಟಾಗಿ ಹೇಳುವುದು ಇತ್ಯಾದಿ. ಗಮನಿಸಬೇಕಾದ್ದೆಂದರೆ, ನಿಷೇಧವಾದದ್ದೆಲ್ಲ ಲಾಭಕ್ಕಾಗಿ ಬುದ್ಧಿ ಓಡಿಸಿ ಮಾಡಿದ ಮೋಸಗಳು. ಯಾರಿಗೂ ಲಾಭವಿಲ್ಲದೆ, ಬುದ್ಧಿಯನ್ನು ಓಡಿಸದೆಯೇ, ಕೇವಲ ಉಪೇಕ್ಷೆಯಿಂದ ಜನರನ್ನು ಗೋಳು ಹುಯ್ದುಕೊಳ್ಳುವ ನಿಷ್ಕಾಮ ಕರ್ಮ ಪಟ್ಟಿಯಲ್ಲಿಲ್ಲ.

ಕೊನೆಯ ಪ್ರಶ್ನೆ ಮೋಕ್ಷದ್ದು. ಇಷ್ಟು ಭದ್ರವಾದ ದುರ್ಗದಿಂದ ಪ್ರಮಾಣಪತ್ರಗಳು ದಿನವೂ ಹೊರಬರುತ್ತಿವೆಯಲ್ಲ, ಹೇಗೆ? ಉತ್ತರ ಸರಳ: ಗುರುವಿನಿಂದ. ತಾಲ್ಲೂಕು ಕಚೇರಿಯ ಎದುರಿಗೆ, ಜೆರಾಕ್ಸ್ ಮತ್ತು ಲ್ಯಾಮಿನೇಶನ್ ಎಂಬ ಬೋರ್ಡಿನ ಕೆಳಗೆ, ಸೈಬರ್ ಸೆಂಟರಿನ ಹುಡುಗ ಕೂತಿರುತ್ತಾನೆ. ಹೆಸರಿನ ಮುಂದಿನ ಚುಕ್ಕೆಗೆ ಬದಲು ಎಲ್ಲಿ ಸ್ಪೇಸ್ ಹಾಕಬೇಕು, ಸರ್ವರ್ ಬೆಳಗ್ಗೆ ಎಷ್ಟು ಹೊತ್ತಿಗೆ ಎದ್ದಿರುತ್ತದೆ, ಫೋಟೊವನ್ನು 49 ಕೆಬಿಗೆ ಇಳಿಸುವುದು ಹೇಗೆ, ಎಲ್ಲ ಅವನ ಬೆರಳಿಗೆ ಗೊತ್ತು. ಅವನು ಹೆಬ್ಬಾಗಿಲಿನ ತಂಟೆಗೇ ಹೋಗುವುದಿಲ್ಲ. ಹೊರಸುತ್ತುಗಳನ್ನು ದಾಟಿ ನೇರವಾಗಿ ಅರ್ಜಿಯ ಪುಟಕ್ಕೇ ಒಯ್ಯುವ ಕೊಂಡಿಯನ್ನು ಓಬವ್ವನ ಕಿಂಡಿಯಂತೆ ಬ್ರೌಸರಿನಲ್ಲಿ ಗುರುತು ಮಾಡಿಟ್ಟುಕೊಂಡಿದ್ದಾನೆ. ಒನಕೆಯ ಜಾಗದಲ್ಲಿ ಮೌಸ್ ಇದೆ. ಗುರುದಕ್ಷಿಣೆ ಐವತ್ತು ರೂಪಾಯಿ, ಒಟಿಪಿ ಶಿಷ್ಯನೇ ಹೇಳಬೇಕು.

ಹಾಗಾದರೆ ಮುಂದಿನ ಸಲ ತಾಣ ಕಟ್ಟುವಾಗ ಈ ಹುಡುಗನನ್ನೇ ಕೇಳಬಾರದೇ ಎಂದು ಮಂದಬುದ್ಧಿಗಳು ಕೇಳಬಹುದು. ಬರುವುದಿಲ್ಲ. ಟೆಂಡರ್ ಷರತ್ತಿನ ಪ್ರಕಾರ ಹಿಂದಿನ ಮೂರು ವರ್ಷ ಕೋಟಿಗಟ್ಟಲೆ ವಹಿವಾಟು ನಡೆಸಿದವರು ಮಾತ್ರ ಅರ್ಹರು. ಆ ಟೆಂಡರಿಗೂ ಆನ್‌ಲೈನಿನಲ್ಲೇ ಅರ್ಜಿ ಹಾಕಬೇಕು. ಗೆದ್ದ ಕಂಪನಿಯವರು ತಮ್ಮ ಅರ್ಜಿಯನ್ನು ತುಂಬಿಸಿದ್ದು ಅವನ ಕೈಯಲ್ಲೇ ಎಂದು ಒಂದು ಪಾಠಾಂತರವಿದೆ.