ಹನಕೆರೆಗೆ ಹಡಗು ಬರಕಿಲ್ಲ
ಹನಕೆರೆ ಹೆದ್ದಾರಿ ಬದಿ, ಮೀನು ಕರಿಯೋ ಅಂಗಡಿ.

‘ಗೌಡ್ರೆ, ಹಡಗಿನ ಹೊಟ್ಟೇಲಿ ತುಂಬ್ಕಂಡ್ ಬಂದ ನೀರಿಂದ ಅಮೆರಿಕದ ಸರೋವರಕ್ಕೆ ಜೀಬ್ರಾ ಅನ್ನೋ ಚಿಪ್ಪುಹುಳ ಸೇರ್ಕತಂತೆ. 1988ರಲ್ಲಿ ಕಂಡಿದ್ದು, ಆಮೇಲೆ ನೀರಿನ ಪೈಪೆಲ್ಲ ಕಟ್ಕತು. ಹಡಗಿನ ನೀರಿಗೇ ಅಂತ ಲೋಕವೆಲ್ಲ ಸೇರಿ ಕಾನೂನು ಮಾಡವ್ರೆ, 2017ರಿಂದ ಜಾರಿ.’

‘ನಮಗ್ಯಾಕ್ಲಾ? ವಿ.ಸಿ. ನಾಲೇಲಿ ಹಡಗು ಕಂಡಿದ್ದೀಯಾ?’

‘ಹಂಗಾರೆ ಈ ಅಂತರಗಂಗೆ ದಕ್ಷಿಣ ಅಮೆರಿಕದಿಂದ ನಡ್ಕಂಡ್ ಬಂತಾ?’

‘ಹೂವು ಚೆಂದ ಅಂತ ಯಾರೋ ತಂದವ್ರೆ.’

‘ಆಫ್ರಿಕನ್ ಕ್ಯಾಟ್‌ಫಿಶ್? ಸಾಕಂಗಿಲ್ಲ ಅಂತ 2000ದಲ್ಲೇ ನಿಷೇಧ ಆಯ್ತಲ್ಲ?’

‘ಅದಕ್ಕೇ ರಾತ್ರಿ ಹೊತ್ತು ಬರ್ತದೆ, ಲಗೇಜ್ ಆಟೋದಲ್ಲಿ.’

(ಆಟೋಗೆ ಅಂತರರಾಷ್ಟ್ರೀಯ ಒಪ್ಪಂದ ಇನ್ನೂ ಆಗಿಲ್ಲ.)

‘ತಡಿಯೋರ್ ಯಾರು?’

‘ಪಂಚಾಯ್ತೀಲಿ ಠರಾವು ಮಾಡ್ಸಾನ ಬುಡು, ಕೆರೆಗೆ ಹಡಗು ಬುಡಂಗಿಲ್ಲ ಅಂತ. ಏಯ್, ಇನ್ನೊಂದ್ ಪ್ಲೇಟ್ ಮೀನು ತಾರ್ಲಾ!’

‘ಯಾವ ಮೀನು ಗೌಡ್ರೆ ಇದು?’

‘ಸುಮ್ಕೆ ತಿನ್ಲಾ.’